ಮಾರಿಯೆಟ್ ಕುಟುಂಬ

17 ಮತ್ತು 18ನೆಯ ಶತಮಾನಗಳಲ್ಲಿ ಪ್ಯಾರಿಸಿನ ಸ್ಯಾಂ-ಝಾಕ್ ಬೀದಿಯಲ್ಲಿ ಅಚ್ಚುಚಿತ್ರಗಳ, ಎಂದರೆ ತಾಮ್ರದ ತಗಡಿನಲ್ಲಿ ಕೊರೆದು ಕಾಗದಕ್ಕೆ ಇಳಿಸಿದ ಚಿತ್ರಗಳ, ಪ್ರಕಟಣೆ ಮತ್ತು ಮಾರಾಟವನ್ನು ನಾಲ್ಕು ತಲೆಮಾರುಗಳ ಕಾಲ ನಡೆಸಿದ ಫ್ರೆಂಚ್ ಮನೆತನ. ವ್ಯಾಪಾರಕ್ಕೆ ತಳಹದಿ ಹಾಕಿದವನು ಒಂದನೆಯ ಪಿಯೆರ್ (ನಿಧನ 1657). ಇವನ ಮಗ ಎರಡನೆಯ ಪಿಯೆರ್ (1634–1716) ಪ್ರಕಾಶಕ ಫ್ರಾನ್ಸ್ವಾ ಲಾಂಗ್ಲ್ವಾನ ವಿಧವೆಯನ್ನು 1655ರಲ್ಲಿ ಮದುವೆಯಾದುದರಿಂದ ಆ ಅಂಗಡಿಯೂ ಮನೆತನದ ಕೈಸೇರಿತು. ತಗಡು ಯಾರ ಬಳಿ ಇದೆಯೋ ಅವರೇ ಪ್ರತಿಗಳನ್ನು ತೆಗೆಯಬಲ್ಲವರಾಗಿದ್ದ ಆ ಕಸುಬಿನಲ್ಲಿ ಇಂಥ ವಿವಾಹಗಳು ಬಂಡವಾಳವನ್ನು ಕೂಡಿಸುವ ದಾರಿಯೂ ಆಗಿದ್ದವು.

ಎರಡನೆಯ ಪಿಯೆರ್ ತನ್ನ ಕೈಗೆ ಬಂದ ಉತ್ತಮ ಪ್ರತಿಗಳ ಮೇಲೆ, ಹೆಚ್ಚಾಗಿ ಹಾಳೆಯ ಹಿಂಬದಿಯಲ್ಲಿ, ಶಾಯಿಯಿಂದ ತನ್ನ ಹೆಸರನ್ನೂ ಇಸವಿಯನ್ನೂ ಬರೆಯುತ್ತಿದ್ದನು. ಡ್ಯೂರರ್, ರೆಂಬ್ರಾಂಟರ ಚಿತ್ರಗಳ ಮೇಲೂ ಈ ಬರಹ ಕಾಣಸಿಗುತ್ತದೆ. ತಗಡು ಒತ್ತುಯಂತ್ರದಡಿ ಹೋದಷ್ಟೂ ಸವೆಯುತ್ತದೆ. ಮೊದಲ ಪ್ರತಿಗಳಲ್ಲಿ ಗಾಢವಾಗಿದ್ದ ಗೆರೆಗಳು ಕ್ರಮೇಣ ತೆಳುವಾಗುತ್ತವೆ, ಸವೆದ ತಗಡನ್ನು ಮತ್ತೆ ಕೊರೆದು ಮಾರುವುದೂ ಉಂಟು. ಆದ್ದರಿಂದ ಪ್ರತಿ ಯಾವಾಗ ಅಚ್ಚಾಯಿತೆಂಬುದು ಮುಖ್ಯ; 1668 ಎಂದು ಬರೆದಿರುವ ಪ್ರತಿ ಆ ವರ್ಷಕ್ಕೆ ಮೊದಲೇ, ತಪ್ಪಿದರೆ ಆ ವರ್ಷದಲ್ಲೇ, ಅಚ್ಚಾಗಿರಬೇಕು. ಬರಹ ಅಸಲಿಯೆಂದು ಖಚಿತವಾದ ಕಡೆ ಮುದ್ರಣಕಾಲದ ಎಲ್ಲೆಯನ್ನು ಗೊತ್ತುಪಡಿಸಲು ಇದಕ್ಕಿಂತ ನೇರವಾದ ಸಾಕ್ಷ್ಯ ವಿರಳ. ಕುಟುಂಬದ ಕೊಡುಗೆಗಳಲ್ಲಿ ಇದನ್ನು ಮೇಲಿನ ಸಾಲಿನಲ್ಲಿಯೇ ಎಣಿಸಬೇಕು.

ಮೂರನೆಯ ತಲೆಮಾರಿನ ಝಾನ್ (1660–1742) ಸ್ವತಃ ಕೊರೆತಗಾರ. ಫ್ರೆಂಚ್ ವಾಸ್ತುಶಿಲ್ಪದ ನಕ್ಷೆಗಳ ದೊಡ್ಡ ಸಂಕಲನವನ್ನು ಪ್ರಕಟಿಸಿದನು.

ಇವನ ಮಗ ಪಿಯೆರ್-ಝಾನ್ (1694–1774) ಮನೆತನದ ಅತ್ಯಂತ ಪ್ರಸಿದ್ಧ ವ್ಯಕ್ತಿ. 1717ರಲ್ಲಿ ವಿಯೆನ್ನಾಕ್ಕೆ ತೆರಳಿ ರಾಜಕುಮಾರ ಯೂಜೀನನ ಅಚ್ಚುಚಿತ್ರಗಳನ್ನು ವಿಂಗಡಿಸಿದ ಈತ, ಬಳಿಕ ಇಟಲಿಯಲ್ಲಿ ಸಂಚರಿಸಿ, ಪ್ಯಾರಿಸಿನ ಧನಿಕ ಸಂಗ್ರಾಹಕ ಪಿಯೆರ್ ಕ್ರೋಝಾನ ಬಳಗದಲ್ಲಿ ಪ್ರಮುಖನಾದನು. ಕ್ರೋಝಾನ ಸುಮಾರು 19,000 ರೇಖಾಚಿತ್ರಗಳ ಹರಾಜಿಗೆ 1741ರಲ್ಲಿ ಈತ ಬರೆದ ಸೂಚಿ, ಬರಿಯ ಮಾರಾಟದ ಪಟ್ಟಿಯಾಗಿ ಉಳಿಯದೆ ಚಿತ್ರಕಾರರ ಶೈಲಿಗಳನ್ನೂ ವಿಮರ್ಶಿಸುತ್ತದೆ. 1750ರಲ್ಲಿ ಅಂಗಡಿಯನ್ನು ಮಾರಿದ ಮೇಲೆ ಸಂಗ್ರಹ ಮತ್ತು ಅಧ್ಯಯನಗಳಿಗೆ ಹೆಚ್ಚು ಬಿಡುವು ದೊರೆಯಿತು. ತನ್ನ ರೇಖಾಚಿತ್ರಗಳನ್ನು ಚಿನ್ನದ ಅಂಚುಳ್ಳ ನೀಲಿ ರಟ್ಟಿಗೆ ಅಂಟಿಸಿ, ಕೆಳಗೆ ಕಲಾವಿದನ ಹೆಸರನ್ನು ಲ್ಯಾಟಿನ್‌ನಲ್ಲಿ ಬರೆಯಿಸುತ್ತಿದ್ದನು; ಎರಡೂ ಬದಿ ಚಿತ್ರವಿದ್ದ ಕೆಲವು ಹಾಳೆಗಳನ್ನು ಸೀಳಿ ಬೇರ್ಪಡಿಸಿದ್ದೂ ಉಂಟು.

ಈತನ ಮರಣಾನಂತರ, 1775–76ರಲ್ಲಿ, ಸಂಗ್ರಹ ಹರಾಜಾಯಿತು. ಅರಸನ ಪರವಾಗಿ ಕೊಂಡ ಸಾವಿರಕ್ಕೂ ಮಿಕ್ಕ ರೇಖಾಚಿತ್ರಗಳು ಇಂದು ಲೂವ್ರ್ ವಸ್ತುಸಂಗ್ರಹಾಲಯದಲ್ಲಿವೆ. ಕಲಾವಿದರ ಕುರಿತು ಈತ ಬರೆದಿಟ್ಟ ಟಿಪ್ಪಣಿಗಳು 1851 ಮತ್ತು 1860ರ ನಡುವೆ ಆರು ಸಂಪುಟಗಳಲ್ಲಿ ಅಚ್ಚಾದವು.