ಊರೂರಿಗೆ ನಡೆದು ಬಂದ ಶಾಲೆ

ಶಾಲೆ ಎಂದಕೂಡಲೇ ಒಂದು ಕಟ್ಟಡ, ಒಂದು ಗಂಟೆ, ಒಂದು ಹಾಜರಿ ಪುಸ್ತಕ ನೆನಪಿಗೆ ಬರುತ್ತವೆ. ಮಕ್ಕಳು ಅಲ್ಲಿಗೆ ಹೋಗಬೇಕು. ಹೋಗಲಾಗದವರು ಹೊರಗೇ ಉಳಿಯಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಲಪ್ರಭೆಯ ದಂಡೆಯ ಮಠವೊಂದರ ಆಸರೆಯಲ್ಲಿ ಹುಟ್ಟಿದ ಒಂದು ಶಾಲೆ ಈ ನಿಯಮವನ್ನೇ ತಿರುವಿಹಾಕಿತು. ಅದಕ್ಕೆ ಸ್ವಂತ ಕಟ್ಟಡವಿರಲಿಲ್ಲ, ಶುಲ್ಕವಿರಲಿಲ್ಲ, ಸರಕಾರದ ಮಾನ್ಯತೆಯೂ ಇರಲಿಲ್ಲ. ಅದರ ಗುರುಗಳು ಹುಟ್ಟು ಅಂಧರು. ಶಿಷ್ಯರಲ್ಲಿಯೂ ಅನೇಕರು ಅಂಧರು, ಉಳಿದವರು ಬಡವರ ಮಕ್ಕಳು. ಶಾಲೆಯೇ ಊರಿಂದ ಊರಿಗೆ ಸಂಚರಿಸುತ್ತಿತ್ತು. ಇಂದು ಗದಗಿನ ವೀರೇಶ್ವರ ಪುಣ್ಯಾಶ್ರಮವೆಂದು ನಾಡಿಗೆಲ್ಲ ಪರಿಚಿತವಾಗಿರುವ ಸಂಸ್ಥೆಯ ಮೂಲ ಈ ಸಂಚಾರಿ ಸಂಗೀತ ಪಾಠಶಾಲೆ.

ಮುಲ್ಕಿಯ ಆಚೆ ಏನು?

ಆಗ ಅಮೀನಗಡ, ಹುನಗುಂದ, ಇಳಕಲ್ಲು, ಬಾದಾಮಿಗಳೆಲ್ಲ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿದ್ದವು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಒಕ್ಕಲುತನ ಮತ್ತು ನೇಕಾರಿಕೆಯನ್ನು ನಂಬಿದ ಈ ಸೀಮೆಯ ಹಳ್ಳಿಯ ಹುಡುಗನ ವಿದ್ಯೆ ಬಹುಮಟ್ಟಿಗೆ ಕನ್ನಡ ಶಾಲೆಯಲ್ಲಿಯೇ ಮುಗಿಯುತ್ತಿತ್ತು. ಏಳನೆಯ ಇಯತ್ತೆಯ ಕೊನೆಗೆ ಮುಲ್ಕಿ ಪರೀಕ್ಷೆ ಪಾಸಾದರೆ ಮಾಸ್ತರಿಕೆಯೋ ತಲಾಠಿಯ ಕೆಲಸವೋ ದೊರೆಯುವ ಆಸೆಯಿತ್ತು. ಇಂಗ್ಲಿಷ್ ಕಲಿಸುವ ಹೈಸ್ಕೂಲು ಕೆಲವೇ ಪಟ್ಟಣಗಳ ಸೊತ್ತು. ಅಲ್ಲಿಗೆ ಹೋಗಬೇಕೆಂದರೆ ಊಟಕ್ಕೆ ವಾರಾನ್ನ, ಇರಲಿಕ್ಕೆ ಯಾರದೋ ಮನೆಯ ಪಡಸಾಲೆ ಹುಡುಕಬೇಕಾಗಿತ್ತು.

ಈ ಕೊರತೆಯನ್ನು ನೀಗಲು ಜನರೇ ಮುಂದಾದರು. ಬಾಗಲಕೋಟೆಯಲ್ಲಿ 1906ರಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ, ಬೆಳಗಾವಿಯಲ್ಲಿ 1916ರಲ್ಲಿ ಕೆ.ಎಲ್.ಇ. ಸೊಸೈಟಿ ಹುಟ್ಟಿಕೊಂಡವು. ಆದರೆ ಇವು ತೆರೆದ ಬಾಗಿಲು ಕಣ್ಣಿದ್ದ ಮಕ್ಕಳಿಗೆ. ದೃಷ್ಟಿಯಿಲ್ಲದ ಹಳ್ಳಿಯ ಮಗುವಿಗೆ ಮುಲ್ಕಿಯ ಮಾತೂ ದೂರವೇ ಇತ್ತು. ಮನೆಯ ಮೂಲೆ, ಇಲ್ಲವೇ ಗುಡಿಯ ಮುಂದಿನ ಭಿಕ್ಷಾಪಾತ್ರೆ, ಇವೆರಡೇ ಅದರ ಪಾಲಿಗೆ ಸಾಮಾನ್ಯವಾಗಿ ಉಳಿಯುತ್ತಿದ್ದುದು.

ಹೊರಗಿನ ಪ್ರಪಂಚದಲ್ಲಿ ಅಂಧರ ಶಿಕ್ಷಣ ಆ ವೇಳೆಗೆ ಹೊಸದೇನೂ ಆಗಿರಲಿಲ್ಲ. ಪ್ಯಾರಿಸ್ಸಿನಲ್ಲಿ ಅದಕ್ಕಾಗಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿಯೇ ಶಾಲೆ ತೆರೆದಿತ್ತು. ಅಲ್ಲಿಯೇ ಕಲಿತು ಅಲ್ಲಿಯೇ ಕಲಿಸಿದ ಲೂಯಿ ಬ್ರೈಲ್ 1829ರಲ್ಲಿ ಉಬ್ಬು ಚುಕ್ಕೆಗಳ ಲಿಪಿಯನ್ನು ಪ್ರಕಟಿಸಿದ. ಅವನೂ ಸಂಗೀತಗಾರನೇ, ಇಗರ್ಜಿಯಲ್ಲಿ ಆರ್ಗನ್ ನುಡಿಸುತ್ತಿದ್ದವ. ಭಾರತದಲ್ಲಿ 1887ರಲ್ಲಿ ಅಮೃತಸರದಲ್ಲಿ, ಮೈಸೂರಿನಲ್ಲಿ 1901ರಲ್ಲಿ ಇಂಥ ಶಾಲೆಗಳು ಆರಂಭವಾದವು. ಎಲ್ಲವೂ ನಗರಗಳಲ್ಲಿ. ಭಾರತೀಯ ಭಾಷೆಗಳಿಗೆ ಒಂದೇ ಬಗೆಯ ಬ್ರೈಲ್ ಲಿಪಿ ನಿರ್ಧಾರವಾಗಲು 1951ರವರೆಗೆ ಕಾಯಬೇಕಾಯಿತು.

ಮಲಪ್ರಭೆಯ ದಂಡೆಯಲ್ಲಿ

ಅಮೀನಗಡದಿಂದ ಐಹೊಳೆ, ಪಟ್ಟದಕಲ್ಲುಗಳ ದಾರಿ ಹಿಡಿದು ಬಾದಾಮಿಯ ಸೀಮೆಗೆ ಹೋದರೆ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗ ಮಂದಿರ ಸಿಗುತ್ತದೆ. ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳು (1867-1930) ಇದನ್ನು 1909ರಲ್ಲಿ ಸ್ಥಾಪಿಸಿದರು. ಮಠಗಳಿಗೆ ಓದು ಬಲ್ಲ, ಸಮಾಜದ ಕಷ್ಟ ಬಲ್ಲ ಸ್ವಾಮಿಗಳು ಬೇಕು ಎಂಬುದು ಅವರ ಉದ್ದೇಶ. ವಟುಗಳಿಗೆ ಸಂಸ್ಕೃತ, ಕನ್ನಡ, ಯೋಗ, ಆಯುರ್ವೇದ, ಸಂಗೀತಗಳ ಪಾಠ ನಡೆಯುತ್ತಿತ್ತು. ಗೋಶಾಲೆ, ವಿಭೂತಿ ತಯಾರಿಕೆ, ತಾಳೆಗರಿಗಳ ಸಂಗ್ರಹಗಳೂ ಅಲ್ಲಿದ್ದವು. ಬ್ರಿಟಿಷರ ಶಾಲೆ ಗುಮಾಸ್ತರನ್ನು ತಯಾರಿಸುತ್ತಿದ್ದಾಗ ಇದು ಬೇರೊಂದು ಬಗೆಯ ವಿದ್ಯೆಯನ್ನು ಮುಂದಿಟ್ಟಿತು. ಆದರೆ ಮಠಾಧಿಪತಿಗಳಾಗುವವರಿಗೆಂದೇ ಹುಟ್ಟಿದ ಇದರ ಬಾಗಿಲು ಎಲ್ಲರಿಗೂ ತೆರೆದುದಾಗಿರಲಿಲ್ಲ.

ಆ ಬಾಗಿಲನ್ನು ಅಗಲಿಸಿದವರು ಸ್ವಾಮಿಗಳ ಆಶ್ರಯಕ್ಕೆ ಬಂದ ಇಬ್ಬರು ಅಂಧ ಸೋದರರು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಗದಿಗೆಯ್ಯ ಮತ್ತು ಗುರುಬಸಯ್ಯ ಒಳ್ಳೆಯ ಕಂಠವಿದ್ದ ಹುಡುಗರು. ಅವರ ಹಾಡು ಕೇಳಿದ ಕುಮಾರಸ್ವಾಮಿಗಳು ಇಬ್ಬರಿಗೂ ಶಾಸ್ತ್ರೀಯ ಸಂಗೀತ ಕಲಿಸುವ ಹೊಣೆ ಹೊತ್ತರು. ಗುರುಬಸಯ್ಯ ಅಕಾಲದಲ್ಲಿ ತೀರಿಕೊಂಡರು. 1892ರಲ್ಲಿ ಜನಿಸಿದ್ದ ಗದಿಗೆಯ್ಯ ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನು ಕಲಿತರು. ಮುಂದೆ ಮಿರಜಿನ ನೀಲಕಂಠ ಬುವಾ ಅವರಲ್ಲಿ ಹಿಂದುಸ್ತಾನಿ ಸಂಗೀತವನ್ನು ಅಭ್ಯಾಸ ಮಾಡಿದರು. ಎರಡೂ ಪದ್ಧತಿಗಳಲ್ಲಿ ಪಳಗಿದ ಈ ಗದಿಗೆಯ್ಯನವರೇ ಪಂಚಾಕ್ಷರಿ ಗವಾಯಿಗಳು.

ಕಲಿತ ವಿದ್ಯೆಯನ್ನು ಆಸ್ಥಾನಗಳಲ್ಲಿ ಹಾಡಿ ಬಿರುದು ಪಡೆಯಲು ಬಳಸದೆ, ತನ್ನಂಥ ಮಕ್ಕಳಿಗೆ ಕಲಿಸಲು ಬಳಸಬೇಕು ಎಂಬುದು ಗುರುವಿನ ಅಪ್ಪಣೆಯಾಗಿತ್ತು. ಹೀಗೆ 1914ರ ಸುಮಾರಿಗೆ ಸಂಚಾರಿ ಪಾಠಶಾಲೆ ಹೊರಟಿತು.

ಕಲಿಕೆಯ ಕ್ರಮ

ಸಂಗೀತಕ್ಕೆ ಅಷ್ಟುಹೊತ್ತಿಗೆ ಆಧುನಿಕ ಶಾಲೆಯ ರೂಪ ಬರತೊಡಗಿತ್ತು. ಮಿರಜಿನಲ್ಲಿ ಕಲಿತ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದು, ಸ್ವರಲಿಪಿ, ಪಠ್ಯಪುಸ್ತಕ, ಪರೀಕ್ಷೆಗಳ ಕ್ರಮವನ್ನು ರೂಢಿಗೆ ತಂದರು. ಪಂಚಾಕ್ಷರಿ ಗವಾಯಿಗಳ ದಾರಿ ಬೇರೆ. ಓದಲಾಗದ ಮಕ್ಕಳಿಗೆ ಸ್ವರಲಿಪಿಯಿಂದ ಉಪಯೋಗವಿಲ್ಲ. ಗುರು ಹಾಡಿದ್ದನ್ನು ಶಿಷ್ಯ ಹಾಡಬೇಕು. ತಬಲಾದ ಬೋಲುಗಳನ್ನು ಮೊದಲು ಬಾಯಲ್ಲಿ ಹೇಳಿ ಆಮೇಲೆ ಕೈಗೆ ತರಬೇಕು. ಹಾರ್ಮೋನಿಯಂ ಮನೆಗಳನ್ನು ಬೆರಳೇ ಗುರುತಿಸಬೇಕು. ಹಳೆಯ ಗುರುಮುಖ ಪದ್ಧತಿಯಲ್ಲಿ ಕಣ್ಣಿಗಿಂತ ಕಿವಿಯೇ ಮುಖ್ಯ. ಉಳಿದ ಶಾಲೆಗಳು ಯಾವುದನ್ನು ಕೊರತೆ ಎಂದು ಎಣಿಸಿದ್ದವೋ ಅದು ಇಲ್ಲಿ ಕಲಿಕೆಗೆ ಅಡ್ಡಿಯಾಗಲಿಲ್ಲ.

ಹಳ್ಳಿಗಳಿಗೂ ಈ ವಿದ್ಯೆ ಬೇಕಾಗಿತ್ತು. ಶ್ರಾವಣ ಬಂತೆಂದರೆ ಪುರಾಣ ಪ್ರವಚನ, ಜಾತ್ರೆ ಬಂತೆಂದರೆ ಕೀರ್ತನೆ, ರಾತ್ರಿಯಿಡೀ ಭಜನೆ, ಸುಗ್ಗಿ ಮುಗಿದರೆ ನಾಟಕ. ಹಾಡುವವ, ಪೇಟಿ ನುಡಿಸುವವ, ತಬಲಾ ಬಾರಿಸುವವ ಇಲ್ಲದೆ ಇವು ನಡೆಯುವಂತಿರಲಿಲ್ಲ. ಅಂದರೆ ಈ ಶಾಲೆ ಕಲಿಸಿದ ಕಸುಬಿಗೆ ಹಳ್ಳಿಯಲ್ಲಿ ಮೊದಲೇ ಬೇಡಿಕೆಯಿತ್ತು. ಹೈಸ್ಕೂಲು ಓದಿದವನು ನೌಕರಿಗಾಗಿ ಊರು ಬಿಡಬೇಕಾಗಿತ್ತು. ಇಲ್ಲಿ ಕಲಿತವನು ಊರೂರಿನಲ್ಲಿ ಗೌರವದಿಂದ ಬದುಕಬಹುದಾಗಿತ್ತು. ಕಾಣಿಕೆ ಪಡೆಯುವ ಕೈಗೂ ಭಿಕ್ಷೆ ಬೇಡುವ ಕೈಗೂ ಇರುವ ಅಂತರವನ್ನು ಆ ಮಕ್ಕಳಿಗಿಂತ ಚೆನ್ನಾಗಿ ಬಲ್ಲವರು ಬೇರಾರಿದ್ದರು?

ಅನ್ನದ ಪ್ರಶ್ನೆ

ಶುಲ್ಕವಿಲ್ಲದ ಶಾಲೆಗೆ ಆದಾಯವೂ ಇರಲಿಲ್ಲ. ಕಾಳುಕಡಿ ಕೊಡುವ ಊರುಗಳಿದ್ದವು, ಆಶ್ರಯ ಕೊಡುವ ಮಠಗಳಿದ್ದವು. ಆದರೆ ಮಳೆ ಹೋದ ವರ್ಷ ಕೊಡುವವರ ಕಣಜವೇ ಬರಿದಾಗುತ್ತಿತ್ತು. ಸಂಚಾರವೆಂಬುದು ಆದರ್ಶವಷ್ಟೇ ಅಲ್ಲ, ಅನಿವಾರ್ಯವೂ ಆಗಿತ್ತು. 1930ರಲ್ಲಿ ಕುಮಾರಸ್ವಾಮಿಗಳು ಲಿಂಗೈಕ್ಯರಾದ ಮೇಲೆ ಇಡೀ ಭಾರ ಗವಾಯಿಗಳ ಮೇಲೆ ಬಿತ್ತು. ಉತ್ತರ ಕರ್ನಾಟಕದಲ್ಲಿ ವೃತ್ತಿ ನಾಟಕ ಕಂಪನಿಗಳು ಮೆರೆಯುತ್ತಿದ್ದ ಆ ಕಾಲದಲ್ಲಿ ಈ ಬಳಗವೂ ನಾಟಕ ಮಂಡಳಿ ಕಟ್ಟಿತು. ಮುಂದೆ ಅದಕ್ಕೆ ನಾಟಕಗಳನ್ನು ಬರೆದುಕೊಟ್ಟವರು ಶಿಷ್ಯ ಪುಟ್ಟರಾಜರು. ಹೀಗೆ ರಂಗಭೂಮಿಯೂ ಪಾಠಶಾಲೆಯ ಒಂದು ತರಗತಿಯಾಯಿತು.

1940ರ ದಶಕದ ಆರಂಭದಲ್ಲಿ ಶಾಲೆ ಗದಗಿನಲ್ಲಿ ನೆಲೆ ನಿಂತಿತು. ಆಸರೆಯಾದ ದಾನಿ ಬಸರಿಗಿಡದ ವೀರಪ್ಪನವರ ನೆನಪು ವೀರೇಶ್ವರ ಪುಣ್ಯಾಶ್ರಮ ಎಂಬ ಹೆಸರಿನಲ್ಲಿ ಉಳಿದಿದೆ. ಸ್ವಂತ ನೆಲೆಯ ನೆಮ್ಮದಿ ಗವಾಯಿಗಳಿಗೆ ಹೆಚ್ಚು ಕಾಲ ದಕ್ಕಲಿಲ್ಲ. 1944ರಲ್ಲಿ ಅವರು ತೀರಿಕೊಂಡರು. ಆಗ ಮೂವತ್ತು ವರ್ಷದವರಾಗಿದ್ದ ಪುಟ್ಟರಾಜ ಗವಾಯಿಗಳು ಹೊಣೆ ಹೊತ್ತು, 2010ರಲ್ಲಿ ತಮ್ಮ ಕೊನೆಯುಸಿರಿನವರೆಗೆ 66 ವರ್ಷ ಅದನ್ನು ನಡೆಸಿದರು. ದೇವಗಿರಿಯಲ್ಲಿ ಹುಟ್ಟಿ ಹಸುಳೆಯಾಗಿದ್ದಾಗಲೇ ದೃಷ್ಟಿ ಕಳೆದುಕೊಂಡಿದ್ದ ಅವರು ಹಲವು ವಾದ್ಯಗಳನ್ನು ನುಡಿಸಬಲ್ಲವರಾಗಿದ್ದರು. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಗ್ರಂಥ ರಚಿಸಿದರು.

ಫಲವೂ ಮಿತಿಯೂ

ಕಣ್ಣಿದ್ದ ಬಡ ಮಕ್ಕಳೂ ಇಲ್ಲಿ ಕಲಿತರು. ಯಲಿವಾಳದ ಬಸವರಾಜ ರಾಜಗುರು ಚಿಕ್ಕ ವಯಸ್ಸಿನಲ್ಲಿಯೇ ಪಂಚಾಕ್ಷರಿ ಗವಾಯಿಗಳ ಬಳಗ ಸೇರಿದರು. 1936ರಲ್ಲಿ ಹಂಪಿಯಲ್ಲಿ ನಡೆದ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವದಲ್ಲಿ ಅವರು ಹಾಡಿದಾಗ ತಬಲಾ ಸಾಥಿಗೆ ಕುಳಿತವರು ಸ್ವತಃ ಗುರುಗಳೇ. ಜಾನಪದ ಹಾಡುಗಾರರ ಮನೆತನದ ಎಂ. ವೆಂಕಟೇಶಕುಮಾರ್ ಹನ್ನೆರಡನೆಯ ವಯಸ್ಸಿಗೆ ಪುಣ್ಯಾಶ್ರಮಕ್ಕೆ ಬಂದು ಪುಟ್ಟರಾಜರ ಬಳಿ ಬೆಳೆದರು. 2016ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಇವು ನಾಡು ಬಲ್ಲ ಹೆಸರುಗಳು. ಆದರೆ ಶಾಲೆಯ ಅಳತೆಗೋಲು ಇವಷ್ಟೇ ಅಲ್ಲ. ಪುರಾಣದ ಕಟ್ಟೆಯಲ್ಲಿ ಹಾಡಿ, ಹಳ್ಳಿಯ ಮಕ್ಕಳಿಗೆ ಪೇಟಿ ಕಲಿಸಿ ಸಂಸಾರ ಸಾಗಿಸಿದ, ಪತ್ರಿಕೆಗಳಲ್ಲಿ ಹೆಸರು ಬಾರದ ಗವಾಯಿಗಳೇ ಅದರ ನಿಜವಾದ ಗಳಿಕೆ.

ಇದರ ಮಿತಿಯನ್ನೂ ಹೇಳಬೇಕು. ಕಣ್ಣಿಲ್ಲದ ಮಗುವಿಗೆ ಸಂಗೀತವೇ ಗತಿ ಎಂಬ ಭಾವನೆ ಈ ಯಶಸ್ಸಿನ ನೆರಳಿನಲ್ಲಿಯೇ ಬೆಳೆಯಿತು. ಕಂಠವಿಲ್ಲದ, ಲಯ ಹಿಡಿಯದ ಅಂಧ ಮಗು ಏನಾಗಬೇಕು? ಗಣಿತದಲ್ಲಿಯೋ ಕಾನೂನಿನಲ್ಲಿಯೋ ಆಸಕ್ತಿಯಿದ್ದರೆ? ಆ ಕಾಲದ ಹಳ್ಳಿಯ ಮುಂದೆ ಬೇರೆ ದಾರಿಯಿರಲಿಲ್ಲ ಎಂಬುದು ನಿಜ. ಆದರೆ ಒಂದೇ ದಾರಿಯಿರುವುದನ್ನು ಆಯ್ಕೆ ಎನ್ನಲಾಗದು. ಪುಣ್ಯಾಶ್ರಮದಲ್ಲಿ ಸಂಗೀತದ ಜತೆಗೆ ಸಾಮಾನ್ಯ ಶಿಕ್ಷಣದ ಶಾಲೆಗಳು ಸೇರಿಕೊಂಡದ್ದು ಈ ಕೊರತೆಯನ್ನು ತುಂಬುವ ಹೆಜ್ಜೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಂತೂ ಆರರಿಂದ ಹದಿನೆಂಟು ವರ್ಷದ ಇಂಥ ಮಕ್ಕಳಿಗೆ ನೆರೆಹೊರೆಯ ಶಾಲೆಯಲ್ಲಿ, ಅಥವಾ ಅವರು ಬಯಸಿದ ವಿಶೇಷ ಶಾಲೆಯಲ್ಲಿ, ಉಚಿತ ಶಿಕ್ಷಣ ಪಡೆಯುವ ಹಕ್ಕನ್ನೇ ಕೊಟ್ಟಿದೆ.

ಹಕ್ಕು ಕಾಗದದ ಮೇಲಿದೆ; ಹಳ್ಳಿಯ ಹೈಸ್ಕೂಲಿನಲ್ಲಿ ಬ್ರೈಲ್ ಪುಸ್ತಕ ಸಿಗಬೇಕು, ಅದನ್ನು ಕಲಿಸಬಲ್ಲ ಶಿಕ್ಷಕರು ಸಿಗಬೇಕು. ಸ್ವಂತ ಸೂರಿಲ್ಲದಿದ್ದರೂ ಸಂಚಾರಿ ಪಾಠಶಾಲೆ ಮಗು ಇದ್ದಲ್ಲಿಗೆ ಹೋಯಿತು, ಮಗುವಿಗೆ ಏನಿಲ್ಲ ಎಂದು ಕೇಳುವ ಮೊದಲು ಏನಿದೆ ಎಂದು ಕೇಳಿತು. ಕಟ್ಟಡವೂ ಅನುದಾನವೂ ಇರುವ ಇಂದಿನ ಶಾಲೆಗಳು ಅದರಿಂದ ಕಲಿಯಬೇಕಾದದ್ದು ಇಷ್ಟೇ.