ಹುದುಗುವ ಹೊತ್ತಿನಲ್ಲಿ ಹಾಪ್ಸ್‌ನ ಘಮ: ಬೆಂಗಳೂರಿನ ಹೊರವಲಯದ ಬಿಯರ್ ತಯಾರಿಕೆಯನ್ನು ಕುರಿತು

ಬಿಯರಿಗೆ ಕಹಿ ಮತ್ತು ಘಮ ಕೊಡುವ ಹಾಪ್ಸ್ ಹೂವನ್ನು ಹೆಚ್ಚು ಸುರಿದಷ್ಟೂ ಘಮ ಹೆಚ್ಚುತ್ತದೆ ಎಂಬ ನಂಬಿಕೆ ಬಲವಾಗಿದೆ. ಹಾಕುವ ಪ್ರಮಾಣಕ್ಕಿಂತ ಹಾಕುವ ಹೊತ್ತು ಮತ್ತು ಹುದುಗಿಸುವ ಉಷ್ಣಾಂಶವೇ ಮುಖ್ಯ ಎಂಬುದು ಈ ಲೇಖನದ ವಾದ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಮನೆಯ ಬಕೆಟ್ಟೂ ಇದಕ್ಕೆ ಹೊರತಲ್ಲ. ಹಾಗಾಗಿ ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್‌ನಂಥ ಮೈಕ್ರೋಬ್ರೂವರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಚರ್ಚೆ ನಡೆದಿದೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ನೀರು ಇಲ್ಲಿ 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಹಾಪ್ಸ್‌ನ ಆಲ್ಫಾ ಆಮ್ಲಗಳು ಕಹಿಯಾಗಿ ಮಾರ್ಪಡುವ ವೇಗ ಇದರಿಂದ ಹೆಚ್ಚುಕಡಿಮೆ ಕಾಲು ಭಾಗ ಕುಗ್ಗುತ್ತದೆ. ಕುದಿಸುವಾಗ ತುಸು ಹೆಚ್ಚು ಹಾಪ್ಸ್ ಹಾಕಿದರೆ ಇದು ಸರಿಹೋಗುತ್ತದೆ. ಘಮ ಹಾಗಲ್ಲ. ಮಿರ್ಸೀನ್‌ನಂಥ ತೈಲಾಂಶಗಳು ಆವಿಯೊಡನೆ ಹೊರಟುಹೋಗುತ್ತವೆ. ಅದಕ್ಕೇ ವರ್ಟ್ (ಹುದುಗುವ ಮುನ್ನಿನ ಮಾಲ್ಟ್ ರಸ) 80 ಡಿಗ್ರಿಗೆ ಇಳಿದ ಮೇಲೆ ಘಮದ ಹಾಪ್ಸ್ ಹಾಕುವ ರೂಢಿ ಬಂದಿದೆ.

ಘಮದ ದೊಡ್ಡ ಸೋರಿಕೆ ಆಗುವುದು ಆಮೇಲೆ, ಹುದುಗುವಾಗ. 5% ಮದ್ಯಸಾರದ ಒಂದು ಲೀಟರ್ ಬಿಯರ್‌ನಲ್ಲಿ ಎಥೆನಾಲ್ ಸುಮಾರು 39 ಗ್ರಾಂ. ಅದರ ಜೊತೆಗೆ ಹುಟ್ಟುವ ಇಂಗಾಲದ ಡೈಆಕ್ಸೈಡ್ ಸುಮಾರು 38 ಗ್ರಾಂ, ಅಂದರೆ 20 ಲೀಟರಿನಷ್ಟು ಅನಿಲ. ಕರಗಿ ಉಳಿಯುವುದು ಒಂದು ಲೀಟರಿಗೂ ಕಡಿಮೆ. ಮಿಕ್ಕದ್ದೆಲ್ಲ ಗುಳ್ಳೆಯಾಗಿ ಏಳುವಾಗ ನೀರಿಗೆ ಒಗ್ಗದ ಮಿರ್ಸೀನನ್ನು ಹೊತ್ತೊಯ್ಯುತ್ತದೆ. ಒಂದಿಷ್ಟು ಯೀಸ್ಟಿನ ಮೈಗಂಟಿ ತಳ ಸೇರುತ್ತದೆ. ನೀರಿನಲ್ಲಿ ಚೆನ್ನಾಗಿ ಕರಗುವ ಲಿನಲೂಲ್ ಮಾತ್ರ ಬಹುಪಾಲು ಉಳಿಯುತ್ತದೆ. ಹುದುಗುವ ಕೋಣೆ ಘಮಘಮಿಸಿದರೆ ಹಿಗ್ಗಬೇಕಿಲ್ಲ, ಅದು ಲೋಟಕ್ಕೆ ಬರಬೇಕಿದ್ದ ಘಮ! ಏಲ್ ಯೀಸ್ಟಿಗೆ 18ರಿಂದ 20 ಡಿಗ್ರಿ ಹಿತ. ಏಪ್ರಿಲ್‌ನಲ್ಲಿ ಬೆಂಗಳೂರಿನ ಹಗಲು 34 ಡಿಗ್ರಿ ಮುಟ್ಟುತ್ತದೆ. ತಂಪು ತಪ್ಪಿದರೆ ಅನಿಲ ಒಮ್ಮೆಲೇ ನುಗ್ಗುತ್ತದೆ. ಯೀಸ್ಟ್ ಬಿಡುವ ಫ್ಯೂಸೆಲ್ ಮದ್ಯಸಾರಗಳ ಘಾಟು ಉಳಿದ ಘಮವನ್ನೂ ಮುಚ್ಚಿಬಿಡುತ್ತದೆ.

ಹಾಗೆಂದು ಯೀಸ್ಟ್ ಘಮದ ಶತ್ರುವಲ್ಲ. ಅದು ಹಾಪ್ಸ್‌ನ ಜೆರಾನಿಯಾಲ್ ಅನ್ನು ಸಿಟ್ರೊನೆಲಾಲ್ ಆಗಿ ಮಾರ್ಪಡಿಸುತ್ತದೆಂದು ಸಂಶೋಧಕರಾದ ಕಿಂಗ್ ಮತ್ತು ಡಿಕಿನ್ಸನ್ 2000ದಲ್ಲಿ ತೋರಿಸಿದರು. ಇದನ್ನೇ ನೆಚ್ಚಿ ಹಾಪ್ಸ್ ಪೂರ್ತಿಯನ್ನು ಹುದುಗಿನ ಭರಾಟೆಯಲ್ಲಿ ಸುರಿಯುವುದು ದುಂದು. ರಭಸ ಇಳಿಯುವಾಗ ಸ್ವಲ್ಪ, ಹುದುಗು ಮುಗಿದು ಯೀಸ್ಟನ್ನು ತೆಗೆದ ಮೇಲೆ ಉಳಿದದ್ದು ಎಂಬುದು ನನ್ನ ಪಕ್ಷ. ಎರಡು ಮೂರು ದಿನ ನೆನೆದರೆ ಸಾಕು. ಪ್ರಮಾಣಕ್ಕೂ ಮಿತಿಯಿದೆ: ಸಂಶೋಧಕರಾದ ಲಾಫೊಂಟೇನ್ ಮತ್ತು ಶೆಲ್‌ಹ್ಯಾಮರ್ 2018ರಲ್ಲಿ ಕ್ಯಾಸ್ಕೇಡ್ ತಳಿಯ ಮೇಲೆ ನಡೆಸಿದ ಅಧ್ಯಯನದಲ್ಲಿ, ಹಾಪ್ಸ್ ಲೀಟರಿಗೆ 8 ಗ್ರಾಂ ದಾಟಿದ ಮೇಲೆ ಹಣ್ಣಿನ ಘಮಕ್ಕಿಂತ ಸೊಪ್ಪಿನ, ಚಹದ ವಾಸನೆಯೇ ಮುಂದಾಯಿತು.

ಒಂದು ಎಚ್ಚರಿಕೆ ಉಂಟು. ಹಾಪ್ಸ್‌ನಲ್ಲಿರುವ ಕಿಣ್ವಗಳು ಡೆಕ್ಸ್ಟ್ರಿನ್‌ಗಳನ್ನು ಒಡೆದು ಸಕ್ಕರೆ ಮಾಡುವುದರಿಂದ ಹುದುಗು ಮತ್ತೆ ಕೆರಳಿ, ಬೆಣ್ಣೆವಾಸನೆಯ ಡೈಅಸಿಟೈಲ್ ಹುಟ್ಟಬಹುದು. ಅದು ಇಳಿಯುವ ತನಕ ಬಿಯರನ್ನು ಪೂರ್ತಿ ತಣ್ಣಗೆ ಮಾಡಬಾರದು. ಹಾಪ್ಸ್ ಹಾಕುವಾಗ ಗಾಳಿ ಸೇರಿದರೆ ಆಮ್ಲಜನಕ ಉಳಿದ ಘಮವನ್ನು ಕೆಡಿಸುತ್ತದೆ.

ಭಾರತದಲ್ಲಿ ಹಾಪ್ಸ್ ಬೆಳೆಯುವುದು ಹಿಮಾಚಲದ ಲಾಹೌಲ್‌ನಂಥ ತಂಪು ಕಣಿವೆಗಳಲ್ಲಿ, ಅದೂ ಅಲ್ಪಸ್ವಲ್ಪ. ಹೆಚ್ಚಿನದು ಹೊರದೇಶದಿಂದಲೇ ಬರಬೇಕು. ಅದಕ್ಕೆ ಇನ್ನಷ್ಟು ಹಣ ಸುರಿಯುವ ಮುನ್ನ ಫರ್ಮೆಂಟರಿನ ತಂಪು ವ್ಯವಸ್ಥೆಯನ್ನು ಸರಿಪಡಿಸಿಕೊಳ್ಳುವುದು ಮೇಲು.