ತಾತ್ಕಾಲಿಕ ಪೋಷಕತ್ವದ ಅರ್ಹತೆಗಳು (ಭಾರತ)

ತಾತ್ಕಾಲಿಕ ಪೋಷಕತ್ವ (ಫಾಸ್ಟರ್ ಕೇರ್) ಎಂದರೆ ಹೆತ್ತವರ ಆಶ್ರಯದಲ್ಲಿ ಬೆಳೆಯಲಾಗದ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇರೆಗೆ ಬೇರೊಂದು ಕುಟುಂಬದಲ್ಲಿರಿಸಿ ಪಾಲನೆ ಮಾಡುವ ವ್ಯವಸ್ಥೆ. ಭಾರತದಲ್ಲಿ ಇದು ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015ರ ವ್ಯಾಪ್ತಿಗೆ ಸೇರಿದೆ. ಮಗುವನ್ನು ಹೀಗೆ ಪಡೆಯುವ ದಂಪತಿ ಅಥವಾ ವ್ಯಕ್ತಿಯ ವಯಸ್ಸು, ಆರೋಗ್ಯ, ಆದಾಯ, ನಡತೆ ಮತ್ತು ಮನೆಯ ಪರಿಸರವನ್ನು ಪರಿಶೀಲಿಸಿ ಅರ್ಹತೆಯನ್ನು ನಿರ್ಧರಿಸಲಾಗುತ್ತದೆ. ಕರೆದಾಗ ಮಗುವನ್ನು ಹಿಂದಿರುಗಿಸುವ ಸಿದ್ಧತೆಯೂ ಈ ಅರ್ಹತೆಗಳಲ್ಲಿ ಒಂದು. ದತ್ತು ಸ್ವೀಕಾರದಿಂದ ಪೋಷಕತ್ವವನ್ನು ಬೇರ್ಪಡಿಸುವ ಮುಖ್ಯ ಲಕ್ಷಣವೂ ಇದೇ ಆಗಿದೆ.

ಪದಬಳಕೆ

ಕನ್ನಡದ ನಿತ್ಯ ವ್ಯವಹಾರದಲ್ಲಿ, ವಿಶೇಷವಾಗಿ ಶಾಲೆಗಳಲ್ಲಿ, ‘ಪೋಷಕರು’ ಎಂಬ ಪದಕ್ಕೆ ತಂದೆತಾಯಿ ಎಂದೇ ಅರ್ಥ. ಆದ್ದರಿಂದ ಗೊಂದಲ ತಪ್ಪಿಸಲು ಈ ಲೇಖನದಲ್ಲಿ ಮಗುವನ್ನು ಹೆತ್ತವರನ್ನು ‘ಹೆತ್ತವರು’ ಎಂದೂ, ಸಮಿತಿಯ ಆದೇಶದಿಂದ ಮಗುವನ್ನು ಪಡೆದವರನ್ನು ‘ಪೋಷಕ ಕುಟುಂಬ’ ಎಂದೂ ಕರೆಯಲಾಗಿದೆ.

ಹಿನ್ನೆಲೆ

ಅನ್ಯರ ಮಗುವನ್ನು ಮನೆಯ ಮಗುವಿನಂತೆ ಸಾಕುವ ಪದ್ಧತಿ ಭಾರತದಲ್ಲಿ ಹಳೆಯದು. ನಂದಗೋಪ ಹಾಗೂ ಯಶೋದೆಯರ ಮನೆಯಲ್ಲಿ ಬೆಳೆದ ಕೃಷ್ಣ, ರಾಧೆಯು ಸಾಕಿದ್ದರಿಂದ ರಾಧೇಯನೆನಿಸಿದ ಕರ್ಣ ಇದಕ್ಕೆ ಪುರಾಣ ಪ್ರಸಿದ್ಧ ಉದಾಹರಣೆಗಳು. ಆದರೆ ಇಂತಹ ಖಾಸಗಿ ಏರ್ಪಾಡಿನಲ್ಲಿ ಮಗುವಿನ ಸ್ಥಿತಿಗತಿಯನ್ನು ವಿಚಾರಿಸುವ ಹೊಣೆ ಯಾರ ಮೇಲೂ ಇರಲಿಲ್ಲ. ಆಧುನಿಕ ಕಾನೂನು ಆ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ.

2015ರ ಕಾಯ್ದೆಯ 44ನೇ ಕಲಂ ಪೋಷಕತ್ವಕ್ಕೆ ಮೀಸಲಾಗಿದೆ. ಕುಟುಂಬದ ಸಾಮರ್ಥ್ಯ, ಉದ್ದೇಶ ಹಾಗೂ ಮಕ್ಕಳನ್ನು ನೋಡಿಕೊಂಡ ಹಿಂದಿನ ಅನುಭವವನ್ನು ಆಧರಿಸಿ ಆಯ್ಕೆ ನಡೆಯಬೇಕೆಂದು ಅದು ಹೇಳುತ್ತದೆ. 2016ರಲ್ಲಿ ಮಾದರಿ ನಿಯಮಗಳೂ ಪೋಷಕತ್ವದ ಮಾದರಿ ಮಾರ್ಗಸೂಚಿಯೂ ಪ್ರಕಟವಾದವು. ಈ ಮಾರ್ಗಸೂಚಿಯನ್ನು 2024ರಲ್ಲಿ ಪರಿಷ್ಕರಿಸಲಾಯಿತು.

ಯಾವ ಮಕ್ಕಳಿಗೆ

ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳೆಂದು ಸಮಿತಿಯ ಮುಂದೆ ಬಂದವರನ್ನು ಮಾತ್ರ ಪೋಷಕ ಕುಟುಂಬಕ್ಕೆ ಒಪ್ಪಿಸಬಹುದು. ಸಾಮಾನ್ಯವಾಗಿ 6 ವರ್ಷ ಮೀರಿದ, ಮಕ್ಕಳ ಪಾಲನಾ ಸಂಸ್ಥೆಗಳಲ್ಲಿರುವ ಮಕ್ಕಳನ್ನು ಪರಿಗಣಿಸಲಾಗುತ್ತದೆ. ಹೆತ್ತವರು ಅಸಮರ್ಥರೆಂದು ಸಮಿತಿ ಕಂಡುಕೊಂಡ ಮಕ್ಕಳು, ದತ್ತು ಹೋಗುವುದು ಕಷ್ಟವಾದ ಹಿರಿಯ ವಯಸ್ಸಿನ ಮಕ್ಕಳು ಮತ್ತು ವಿಶೇಷ ಅಗತ್ಯವುಳ್ಳ ಮಕ್ಕಳು ಇವರಲ್ಲಿ ಸೇರುತ್ತಾರೆ. ದತ್ತು ನೀಡಲು ಯೋಗ್ಯವೆಂದು ಸಮಿತಿ ಪರಿಗಣಿಸಿದ ಮಗುವನ್ನು ದೀರ್ಘಾವಧಿಯ ಪೋಷಕತ್ವಕ್ಕೆ ಕೊಡುವಂತಿಲ್ಲ. ಒಡಹುಟ್ಟಿದವರನ್ನು, ಅವರ ಹಿತಕ್ಕೆ ವಿರುದ್ಧವಾಗದಿದ್ದಲ್ಲಿ, ಒಂದೇ ಮನೆಯಲ್ಲಿರಿಸಲು ಪ್ರಯತ್ನಿಸಬೇಕು.

ವೈವಾಹಿಕ ಸ್ಥಿತಿ ಮತ್ತು ವಯಸ್ಸು

ಹಿಂದೆ ದಂಪತಿಗಳಿಗೆ ಮಾತ್ರ ಇದ್ದ ಅವಕಾಶವನ್ನು 2024ರ ಮಾರ್ಗಸೂಚಿ ಒಂಟಿ ವ್ಯಕ್ತಿಗಳಿಗೂ ವಿಸ್ತರಿಸಿತು. ಅವಿವಾಹಿತರು, ವಿಧವೆಯರು, ವಿಧುರರು, ವಿಚ್ಛೇದಿತರು ಮತ್ತು ಕಾನೂನುಬದ್ಧವಾಗಿ ಪ್ರತ್ಯೇಕಗೊಂಡವರು ಅರ್ಜಿ ಸಲ್ಲಿಸಬಹುದು. ಮುಖ್ಯ ನಿಯಮಗಳು ಹೀಗಿವೆ:

• ದಂಪತಿಯು ಕನಿಷ್ಠ 2 ವರ್ಷಗಳ ಸ್ಥಿರ ದಾಂಪತ್ಯ ನಡೆಸಿರಬೇಕು. ಇಬ್ಬರ ವಯಸ್ಸುಗಳ ಮೊತ್ತ ಕನಿಷ್ಠ 70 ವರ್ಷವಾಗಿರಬೇಕು.
• 6ರಿಂದ 12 ವರ್ಷದ ಮಗುವನ್ನು ಪಡೆಯಲು ಒಂಟಿ ವ್ಯಕ್ತಿಯ ವಯಸ್ಸು 35ರಿಂದ 55ರೊಳಗಿರಬೇಕು.
• 12ರಿಂದ 18 ವರ್ಷದ ಮಗುವನ್ನು ಪಡೆಯಲು ಒಂಟಿ ವ್ಯಕ್ತಿಯ ವಯಸ್ಸು 35ರಿಂದ 60ರೊಳಗಿರಬೇಕು.
• ಒಂಟಿ ಮಹಿಳೆಯು ಗಂಡು ಅಥವಾ ಹೆಣ್ಣು ಮಗುವನ್ನು ಪಡೆಯಬಹುದು. ಒಂಟಿ ಪುರುಷನಿಗೆ ಗಂಡು ಮಗುವನ್ನು ಮಾತ್ರ ನೀಡಲಾಗುತ್ತದೆ.

ಇತರ ಅರ್ಹತೆಗಳು

ಮಾದರಿ ನಿಯಮಗಳ ಪ್ರಕಾರ ಕುಟುಂಬದಲ್ಲಿ ಈ ಕೆಳಗಿನ ಅಂಶಗಳನ್ನು ನೋಡಲಾಗುತ್ತದೆ:

• ಪೌರತ್ವ ಮತ್ತು ಸಮ್ಮತಿ: ಪತಿ ಪತ್ನಿ ಇಬ್ಬರೂ ಭಾರತೀಯ ಪ್ರಜೆಗಳಾಗಿರಬೇಕು. ಒಂದೇ ಮಗುವನ್ನು ಸಾಕಲು ಇಬ್ಬರೂ ಒಪ್ಪಿರಬೇಕು.
• ಆರೋಗ್ಯ: ದೈಹಿಕ, ಭಾವನಾತ್ಮಕ ಹಾಗೂ ಮಾನಸಿಕ ಆರೋಗ್ಯ ಉತ್ತಮವಾಗಿರಬೇಕು. ಮನೆಯಲ್ಲಿ ವಾಸಿಸುವ ಎಲ್ಲ ಸದಸ್ಯರ ವೈದ್ಯಕೀಯ ವರದಿ ಬೇಕಾಗುತ್ತದೆ.
• ಆದಾಯ: ಮಗುವಿನ ಅಗತ್ಯಗಳನ್ನು ಪೂರೈಸುವಷ್ಟು ಆದಾಯವಿರಬೇಕು.
• ವಸತಿ: ಮನೆಯಲ್ಲಿ ಸಾಕಷ್ಟು ಸ್ಥಳ ಮತ್ತು ಮೂಲ ಸೌಕರ್ಯಗಳಿರಬೇಕು.
• ನಡತೆ: ಅಪರಾಧದ ಹಿನ್ನೆಲೆ ಇರಬಾರದು.
• ಸಾಮಾಜಿಕ ಸಂಬಂಧ: ನೆರೆಹೊರೆಯವರು ಮತ್ತು ಸ್ನೇಹಿತರೊಡನೆ ಒಳ್ಳೆಯ ಒಡನಾಟವಿರಬೇಕು.
• ಬದ್ಧತೆ: ತರಬೇತಿಗೆ ಹಾಜರಾಗಲು, ಮಗುವಿನ ಆರೋಗ್ಯ ದಾಖಲೆ ಇಡಲು ಮತ್ತು ಸೂಚಿಸಿದಾಗ ಮಗುವನ್ನು ಹಿಂದಿರುಗಿಸಲು ಲಿಖಿತವಾಗಿ ಒಪ್ಪಬೇಕು.

ಇವುಗಳಲ್ಲಿ ವಯಸ್ಸು, ಆದಾಯಗಳನ್ನು ದಾಖಲೆಪತ್ರಗಳಿಂದ ತಿಳಿಯಬಹುದು. ಕುಟುಂಬದ ಉದ್ದೇಶವನ್ನು ಹಾಗೆ ತಿಳಿಯಲಾಗದು. ಮನೆಗೆಲಸಕ್ಕೋ ಅಂಗಡಿಯ ಕೆಲಸಕ್ಕೋ ಒಬ್ಬರು ಸಿಗುತ್ತಾರೆಂಬ ಎಣಿಕೆಯಿಂದ ಮಗುವನ್ನು ಕೇಳುವ ಅಪಾಯವಿದೆ. ಮಗುವಿನ ಅಗಲಿಕೆಯ ನೋವನ್ನು ಅರಿಯದೆ ಕೃತಜ್ಞತೆಯನ್ನು ನಿರೀಕ್ಷಿಸುವವರೂ ಇರಬಹುದು. ಹೀಗಾಗಿ ಪರಿಶೀಲನೆ ಕೇವಲ ಕಾಗದಪತ್ರಗಳಿಗೆ ಸೀಮಿತವಾಗದೆ ಮನೆಭೇಟಿಯನ್ನೂ ಒಳಗೊಳ್ಳುತ್ತದೆ.

ಆಯ್ಕೆಯ ವಿಧಾನ

ಆಸಕ್ತರು ತಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕವನ್ನು ಸಂಪರ್ಕಿಸಬಹುದು. ದತ್ತು ಸ್ವೀಕಾರಕ್ಕೆ ಬಳಸುವ ಕೇಂದ್ರೀಯ ಜಾಲತಾಣದಲ್ಲಿಯೂ ಹೆಸರು ನೋಂದಾಯಿಸಲು 2024ರ ಪರಿಷ್ಕರಣೆ ಅವಕಾಶ ನೀಡಿದೆ. ಕರ್ನಾಟಕದಲ್ಲಿ ಈ ಘಟಕಗಳು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಡಿ ಕಾರ್ಯನಿರ್ವಹಿಸುತ್ತವೆ.

ಘಟಕದ ಸಿಬ್ಬಂದಿ ಅರ್ಜಿದಾರರ ಮನೆಗೆ ತೆರಳಿ ಗೃಹ ಅಧ್ಯಯನ ವರದಿ ಸಿದ್ಧಪಡಿಸುತ್ತಾರೆ. ಮಗುವಿನ ಕುರಿತೂ ಪ್ರತ್ಯೇಕ ವರದಿ ತಯಾರಾಗುತ್ತದೆ. ಭಾಷೆ, ಸಂಸ್ಕೃತಿ ಮತ್ತು ಪರಿಸರ ಸಾಧ್ಯವಾದಷ್ಟು ಹೊಂದುವಂತಹ ಮನೆಗೆ ಆದ್ಯತೆಯಿರುತ್ತದೆ. ಮಗು ಮತ್ತು ಕುಟುಂಬ ಪರಸ್ಪರ ಭೇಟಿಯಾದ ಬಳಿಕ, ಮಗುವಿನ ಅಭಿಪ್ರಾಯವನ್ನೂ ಪರಿಗಣಿಸಿ ಸಮಿತಿ ಆದೇಶ ನೀಡುತ್ತದೆ. ಒಬ್ಬ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರಿರುವ ಈ ಸಮಿತಿಯ ಆದೇಶವಿಲ್ಲದೆ ಯಾವುದೇ ಸಂಸ್ಥೆ ಮಗುವನ್ನು ತಾನಾಗಿಯೇ ಪೋಷಕತ್ವಕ್ಕೆ ಒಪ್ಪಿಸುವಂತಿಲ್ಲ.

ಅವಧಿ, ನೆರವು ಮತ್ತು ಮೇಲ್ವಿಚಾರಣೆ

ಒಂದು ವರ್ಷದೊಳಗಿನ ಪೋಷಕತ್ವವನ್ನು ಅಲ್ಪಾವಧಿ ಎಂದೂ, ಅದಕ್ಕೂ ಮೀರಿದುದನ್ನು ದೀರ್ಘಾವಧಿ ಎಂದೂ ಕರೆಯುತ್ತಾರೆ. ದೀರ್ಘಾವಧಿಯದು ಮಗುವಿಗೆ 18 ವರ್ಷ ತುಂಬುವವರೆಗೂ ಮುಂದುವರಿಯಬಹುದು. ಮಿಷನ್ ವಾತ್ಸಲ್ಯ ಯೋಜನೆಯಡಿ ಪ್ರತಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವು ನಿಗದಿಯಾಗಿದೆ. ಹಿಂದಿನ ಯೋಜನೆಯಲ್ಲಿ ಇದು 2,000 ರೂಪಾಯಿ ಆಗಿತ್ತು. ಈ ಹಣ ಮಗುವಿನ ಪಾಲನೆಯ ವೆಚ್ಚಕ್ಕಾಗಿಯೇ ಹೊರತು ಕುಟುಂಬಕ್ಕೆ ನೀಡುವ ಸಂಬಳವಲ್ಲ.

ಶಿಕ್ಷಣ, ಆರೋಗ್ಯ ಮತ್ತು ಪೌಷ್ಟಿಕ ಆಹಾರ ಒದಗಿಸುವುದು ಪೋಷಕ ಕುಟುಂಬದ ಕರ್ತವ್ಯ. ಕಾಯ್ದೆಯಂತೆ ಪ್ರತಿ ತಿಂಗಳೂ ಕುಟುಂಬದ ಪರಿವೀಕ್ಷಣೆ ನಡೆಯಬೇಕು. ಪಾಲನೆಯಲ್ಲಿ ಲೋಪ ಕಂಡುಬಂದರೆ ಮಗುವನ್ನು ಬೇರೊಂದು ಪೋಷಕ ಕುಟುಂಬಕ್ಕೆ ವರ್ಗಾಯಿಸಲಾಗುತ್ತದೆ. ತನ್ನ ವಶದಲ್ಲಿರುವ ಮಗುವಿನ ಮೇಲೆ ಕ್ರೌರ್ಯವೆಸಗುವುದು ಕಾಯ್ದೆಯ 75ನೇ ಕಲಮಿನಡಿ ಶಿಕ್ಷಾರ್ಹ ಅಪರಾಧ. ಮಗು ಸಂಕಷ್ಟದಲ್ಲಿರುವುದು ತಿಳಿದರೆ ಯಾರು ಬೇಕಾದರೂ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ದತ್ತು ಸ್ವೀಕಾರದೊಂದಿಗೆ ವ್ಯತ್ಯಾಸ

ದತ್ತು ಪಡೆದ ಮಗು ಕಾನೂನಿನ ದೃಷ್ಟಿಯಲ್ಲಿ ದತ್ತು ಕುಟುಂಬದ ಸ್ವಂತ ಮಗುವೇ ಆಗುತ್ತದೆ. 2021ರ ತಿದ್ದುಪಡಿ ಜಾರಿಗೆ ಬಂದ ನಂತರ ಬಾಲನ್ಯಾಯ ಕಾಯ್ದೆಯಡಿ ದತ್ತು ಆದೇಶ ನೀಡುವ ಅಧಿಕಾರ ಜಿಲ್ಲಾ ದಂಡಾಧಿಕಾರಿಗಳಿಗೆ ಸೇರಿದೆ. ಪೋಷಕತ್ವದಿಂದ ಇಂತಹ ಸಂಬಂಧವಾಗಲಿ ಉತ್ತರಾಧಿಕಾರದ ಹಕ್ಕಾಗಲಿ ಹುಟ್ಟುವುದಿಲ್ಲ. ಹೆತ್ತವರ ಅಸಮರ್ಥತೆಯಿಂದ ಮಗು ಬೇರೆಡೆ ಬೆಳೆಯುತ್ತಿದ್ದರೆ, ಮಗುವಿನ ಹಿತಕ್ಕೆ ಧಕ್ಕೆಯಿಲ್ಲವೆಂದು ಸಮಿತಿಗೆ ಮನವರಿಕೆಯಾದಲ್ಲಿ, ಅವರು ನಿಯತವಾಗಿ ಮಗುವನ್ನು ಭೇಟಿ ಮಾಡಬಹುದು. ಅವರ ಪರಿಸ್ಥಿತಿ ಸುಧಾರಿಸಿದ್ದನ್ನು ಸಮಿತಿ ಒಪ್ಪಿದರೆ ಮಗು ತನ್ನ ಮನೆಗೆ ಮರಳಬಹುದು. ಆದ್ದರಿಂದ ಹೆತ್ತವರನ್ನು ಪ್ರತಿಸ್ಪರ್ಧಿಗಳೆಂದು ಭಾವಿಸದೆ, ಮಗುವಿನ ಎದುರು ಅವರನ್ನು ಹೀಗಳೆಯದೆ ನಡೆದುಕೊಳ್ಳುವುದು ಪೋಷಕ ಕುಟುಂಬಕ್ಕೆ ಅತ್ಯಗತ್ಯ.

ಎಲ್ಲ ಪೋಷಕತ್ವವೂ ಅಗಲಿಕೆಯಲ್ಲಿಯೇ ಮುಗಿಯಬೇಕೆಂದಿಲ್ಲ. ಮಗು ದತ್ತು ನೀಡಿಕೆಗೆ ಕಾನೂನುಬದ್ಧವಾಗಿ ಮುಕ್ತವೆಂದು ಘೋಷಿತವಾದರೆ, ಅದನ್ನು ಕನಿಷ್ಠ 2 ವರ್ಷ ಸಾಕಿದ ಕುಟುಂಬ ದತ್ತು ಕೋರಬಹುದು. ಹಿಂದೆ ಈ ಅವಧಿ 5 ವರ್ಷವಾಗಿತ್ತು. ಆದರೆ ದತ್ತು ವಿಧಿಗಳಿಂದ ತಪ್ಪಿಸಿಕೊಳ್ಳುವ ಅಡ್ಡದಾರಿಯಾಗಿ ಪೋಷಕತ್ವವನ್ನು ಬಳಸಲು ಅವಕಾಶವಿಲ್ಲ.